ಅಂಜಿದವನ ವಿದ್ಯೆ ಹಂಚಿಕೆಯಾಗದು

ವಿದ್ಯೆ ಕೊಟ್ಟಷ್ಟೂ ಬೆಳೆಯುವ ಧನವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಹಾಗಾದರೆ ಕೊಡುವುದಕ್ಕೆ ಜನ ಏಕೆ ಹಿಂಜರಿಯುತ್ತಾರೆ? ನಾಡಿನ ಜನರ ತೆರಿಗೆಯಿಂದ ಕಟ್ಟಿ ನಿಲ್ಲಿಸಿದ ವಿಶ್ವವಿದ್ಯಾನಿಲಯಗಳಲ್ಲಿ ಒಂದು ಕೋಣೆಯ ವಿದ್ಯೆ ಪಕ್ಕದ ಕೋಣೆಗೆ ಏಕೆ ಹೋಗುವುದಿಲ್ಲ? ಹಿರಿಯ ಅಧ್ಯಾಪಕನು ಮೂವತ್ತು ವರ್ಷ ಕಲಿತದ್ದು ಅವನ ನಿವೃತ್ತಿಯ ದಿನ ಹಾರ ತುರಾಯಿಗಳೊಡನೆ ಮನೆಗೆ ಹೊರಟುಹೋಗುವುದೇಕೆ? ಈ ಪ್ರಶ್ನೆಗಳಿಗೆ ವಿದ್ವಾಂಸರು ತಮ್ಮ ಭಾಷೆಯಲ್ಲಿ ಉತ್ತರ ಹೇಳಿಕೊಳ್ಳುತ್ತಾರೆ. ನೌಕರನ ಮನೋಭಾವ, ನೌಕರನ ಯೋಗಕ್ಷೇಮ, ಸಂಸ್ಥೆಯ ಮೇಲಿನ ವಿಶ್ವಾಸ ಎಂಬ ಮಾತುಗಳನ್ನು ಬಳಸುತ್ತಾರೆ. ನಾವು ಗಿರಣಿಯ ಮತ್ತು ಪೇಟೆಯ ಭಾಷೆಯಲ್ಲಿ ಹೇಳುತ್ತೇವೆ: ನಾಳೆ ತನ್ನ ಅನ್ನ ಇರುತ್ತದೋ ಇಲ್ಲವೋ ಎಂದು ಅಂಜುವವನು ತನಗೆ ತಿಳಿದದ್ದನ್ನು ಇನ್ನೊಬ್ಬನಿಗೆ ಹೇಳಿಕೊಡುವುದಿಲ್ಲ.

ಪ್ರೊಫೆಸರುಗಳ ಸುಖದುಃಖ ಕಟ್ಟಿಕೊಂಡು ನಮಗೇನಾಗಬೇಕು ಎಂದು ನಮ್ಮ ವಾಚಕರಲ್ಲಿ ಕೆಲವರು ಕೇಳಿಯಾರು. ಆಗಬೇಕಾದದ್ದು ಬಹಳ ಇದೆ. ಹಣವಂತರ ಮಕ್ಕಳಿಗೆ ಖಾಸಗಿ ಕಾಲೇಜುಗಳಿವೆ, ಹೊರದೇಶಗಳಿವೆ. ಗಿರಣಿ ಕಾಮಗಾರನ ಮಗಳಿಗೆ, ಕಿರಾಣಿ ಅಂಗಡಿಯವನ ಮಗನಿಗೆ ಇರುವುದು ಸರ್ಕಾರಿ ಕಾಲೇಜು ಮತ್ತು ಸಾರ್ವಜನಿಕ ವಿಶ್ವವಿದ್ಯಾನಿಲಯ ಮಾತ್ರ. ಅಲ್ಲಿ ವಿದ್ಯೆ ಹರಿಯದೆ ನಿಂತರೆ ನಷ್ಟವಾಗುವುದು ನಮ್ಮ ಮಕ್ಕಳಿಗೆ. ನಾವು ಕೊಳ್ಳುವ ಸೋಪಿನ ಮೇಲೆ, ಬಟ್ಟೆಯ ಮೇಲೆ ತೆರಿಗೆ ಕೊಡುತ್ತೇವೆ. ಆ ಹಣದ ಒಂದು ಪಾಲು ಈ ಸಂಸ್ಥೆಗಳಿಗೆ ಹೋಗುತ್ತದೆ. ಹಣ ಕೊಟ್ಟವರು ಲೆಕ್ಕ ಕೇಳಬೇಕು.

ಮೊದಲು ವಿದ್ಯೆ ಎಂದರೇನೆಂಬುದನ್ನು ನೋಡೋಣ. ಗಿರಣಿಯಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಂತ್ರದ ಜೊತೆ ಬರುವ ಪುಸ್ತಕದಲ್ಲಿ ಯಂತ್ರದ ಭಾಗಗಳ ಹೆಸರಿರುತ್ತದೆ. ಒಣಹವೆಯ ದಿನ ನೂಲು ಏಕೆ ಹೆಚ್ಚು ಕಡಿಯುತ್ತದೆ, ಯಂತ್ರದ ಸದ್ದು ತುಸು ಬದಲಾದರೆ ಮೊದಲು ಎಲ್ಲಿ ಕೈಯಿಟ್ಟು ನೋಡಬೇಕು ಎಂಬುದು ಹಳೆಯ ಕಾಮಗಾರನ ಕೈಯಲ್ಲಿ, ಕಿವಿಯಲ್ಲಿ ಇರುತ್ತದೆ. ಪಕ್ಕದಲ್ಲಿ ನಿಂತು ಕಲಿಯಬೇಕು, ಅವನು ಮನಸ್ಸು ಮಾಡಿ ಕಲಿಸಬೇಕು. ಅಂಗಡಿಯಲ್ಲಿಯೂ ಹೀಗೆಯೇ. ಉದ್ರಿಯ ಲೆಕ್ಕ ಖಾತೆಪುಸ್ತಕದಲ್ಲಿರುತ್ತದೆ. ಯಾರಿಗೆ ಉದ್ರಿ ಕೊಡಬಹುದು, ಯಾರಿಗೆ ಕೊಡಬಾರದು ಎಂಬುದು ಹಳೆಯ ಗುಮಾಸ್ತನ ತಲೆಯಲ್ಲಿರುತ್ತದೆ.

ವಿಶ್ವವಿದ್ಯಾನಿಲಯವೂ ಇದೇ ರೀತಿ ನಡೆಯುತ್ತದೆ. ಪುಸ್ತಕದ ವಿದ್ಯೆಯನ್ನು ಯಾರಾದರೂ ಓದಿಕೊಳ್ಳಬಹುದು. ಸವೆದ ಶಾಸನದ ಅಕ್ಷರವನ್ನು ಹೇಗೆ ಗುರುತಿಸುವುದು, ಪ್ರಯೋಗಶಾಲೆಯ ಹಳೆಯ ಉಪಕರಣದಿಂದ ಹೇಗೆ ಕೆಲಸ ತೆಗೆಯುವುದು, ಕನ್ನಡ ಮಾಧ್ಯಮದಿಂದ ಬಂದ ಹುಡುಗನು ಮೊದಲ ವರ್ಷ ಎಲ್ಲಿ ಎಡವುತ್ತಾನೆ, ಪರೀಕ್ಷಾ ವಿಭಾಗದಲ್ಲಿ ಅಂಕಪಟ್ಟಿಯ ತಪ್ಪನ್ನು ಯಾವ ಕಡತದಿಂದ ಸರಿಪಡಿಸಬಹುದು ಎಂಬ ವಿದ್ಯೆಯೆಲ್ಲ ಮನುಷ್ಯರಲ್ಲಿರುತ್ತದೆ. ಅಧ್ಯಾಪಕರಲ್ಲಿ ಮಾತ್ರವಲ್ಲ, ಪ್ರಯೋಗಶಾಲೆಯ ಸಹಾಯಕರಲ್ಲಿ, ಗ್ರಂಥಾಲಯದ ಸಿಬ್ಬಂದಿಯಲ್ಲಿ, ಕಚೇರಿಯ ಗುಮಾಸ್ತರಲ್ಲಿಯೂ ಇರುತ್ತದೆ. ಈ ಜನ ನೆಮ್ಮದಿಯಿಂದಿದ್ದರೆ, ಪರಸ್ಪರ ನಂಬಿದರೆ, ಅದು ಕೈಯಿಂದ ಕೈಗೆ ಹೋಗುತ್ತದೆ. ಇಲ್ಲದಿದ್ದರೆ ಅವರವರ ಎದೆಯಲ್ಲಿಯೇ ಉಳಿದು ಅವರೊಡನೆಯೇ ಮುಗಿಯುತ್ತದೆ. ಸುತ್ತೋಲೆ ಹೊರಡಿಸಿ ಅದನ್ನು ಹೊರತೆಗೆಯಲು ಯಾವ ಕುಲಪತಿಗೂ ಸಾಧ್ಯವಿಲ್ಲ.

ಈ ನೆಮ್ಮದಿ ಇಂದು ಎಷ್ಟಿದೆ? ಗಿರಣಿಗಳಲ್ಲಿ ‘ಬದಲಿ’ ಎಂಬ ಪದ್ಧತಿ ನಮ್ಮ ವಾಚಕರಿಗೆ ಹೊಸದಲ್ಲ. ಖಾಯಂ ಕಾಮಗಾರ ಬಾರದ ದಿನ ಅವನ ಜಾಗದಲ್ಲಿ ದುಡಿಯುವವನು ಬದಲಿ. ಬೆಳಿಗ್ಗೆ ಬಾಗಿಲಲ್ಲಿ ನಿಲ್ಲಬೇಕು. ಕರೆದರೆ ಕೆಲಸ, ಕರೆಯದಿದ್ದರೆ ಹಸಿವು. 1946ರ ಸ್ಟ್ಯಾಂಡಿಂಗ್ ಆರ್ಡರ್ ಕಾಯ್ದೆಯ ಮಾದರಿ ನಿಯಮಗಳಲ್ಲಿ ಬದಲಿಗಳಿಗೆ ಒಂದು ಪ್ರತ್ಯೇಕ ವರ್ಗವೇ ಇತ್ತು. ಇಂದು ನಮ್ಮ ಉನ್ನತ ಶಿಕ್ಷಣವು ನಡೆಯುತ್ತಿರುವುದು ಬಹುಮಟ್ಟಿಗೆ ಬದಲಿಗಳಿಂದಲೇ. ಅವರಿಗೆ ಇಟ್ಟಿರುವ ಹೆಸರು ಮಾತ್ರ ಸೊಗಸಾಗಿದೆ: ‘ಅತಿಥಿ ಉಪನ್ಯಾಸಕರು’. ಅತಿಥಿಗೆ ಊಟವಿಕ್ಕಿ ಕಳುಹಿಸುವುದು ನಮ್ಮ ನಾಡಿನ ಪದ್ಧತಿ. ಇಲ್ಲಿ ಅತಿಥಿಯೇ ಮನೆಯ ಕೆಲಸವನ್ನೆಲ್ಲ ಮಾಡಿ ಹಸಿದು ಹೊರಡುತ್ತಾನೆ.

ವಿಶ್ವವಿದ್ಯಾನಿಲಯಗಳಿಗೆ ಸೇರಿದ ಸರ್ಕಾರಿ ಪದವಿ ಕಾಲೇಜುಗಳ ಲೆಕ್ಕ ನೋಡಿ. 2022ರ ಆರಂಭದವರೆಗೆ ಕರ್ನಾಟಕದ ಅತಿಥಿ ಉಪನ್ಯಾಸಕರ ತಿಂಗಳ ಗೌರವಧನ 11,000 ಅಥವಾ 13,000 ರೂಪಾಯಿ. ಮುಷ್ಕರದ ನಂತರ 2022ರ ಜನವರಿಯಲ್ಲಿ ಅದನ್ನು 26,000ದಿಂದ 32,000ದವರೆಗೆ ಏರಿಸಿದರು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವ ವಿದ್ಯೆ ಸರ್ಕಾರಕ್ಕೆ ಚೆನ್ನಾಗಿ ತಿಳಿದಿದೆ. ವಾರಕ್ಕೆ 15 ಗಂಟೆ ಪಾಠವೆಂದು ನಿಗದಿ ಮಾಡಿದ್ದರಿಂದ ಅದೇ ಪಾಠಕ್ಕೆ ಕಡಿಮೆ ಜನ ಸಾಕಾದರು. ವರ್ಷಗಟ್ಟಲೆ ದುಡಿದ ಅನೇಕರು ಕೆಲಸ ಕಳೆದುಕೊಂಡರು. 2023ರ ನವೆಂಬರಿನಲ್ಲಿ ಅವರು ಮತ್ತೆ ತರಗತಿಗಳನ್ನು ಬಿಟ್ಟು ಹೊರಬಂದರು. 2024ರ ಜನವರಿಯಲ್ಲಿ ತುಮಕೂರಿನಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೊರಟರು. ಕೆಲಸ ಖಾಯಂ ಮಾಡಿ ಎಂಬುದು ಅವರ ಮುಖ್ಯ ಬೇಡಿಕೆ. ಗೌರವಧನದಲ್ಲಿ ಸ್ವಲ್ಪ ಹೆಚ್ಚಳವೂ ಕೆಲವು ಸೌಲಭ್ಯಗಳೂ ದೊರೆತವು, ಖಾಯಮಾತಿ ದೊರೆಯಲಿಲ್ಲ.

ಕಾನೂನಿನಲ್ಲಿ ಇದಕ್ಕೆ ಮಿತಿಯಿಲ್ಲವೆ? ಇದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2018ರ ನಿಯಮಗಳ ಪ್ರಕಾರ ಗುತ್ತಿಗೆಯ ಅಧ್ಯಾಪಕರು ಒಟ್ಟು ಹುದ್ದೆಗಳಲ್ಲಿ ಶೇಕಡಾ 10ನ್ನು ಮೀರಕೂಡದು. 2019ರಲ್ಲಿ ಅದೇ ಆಯೋಗ ಅತಿಥಿ ಅಧ್ಯಾಪಕರಿಗೆ ಒಂದು ಪಾಠಕ್ಕೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50,000 ರೂಪಾಯಿ ಎಂದು ಗೊತ್ತುಮಾಡಿತು. ಕಾಗದದ ಮೇಲಿನ ಈ ಅಂಕಿಗಳನ್ನು ನಮ್ಮ ಕಾಲೇಜುಗಳ ಸಂಬಳದ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ನಿಯಮ ಮಾಡುವವರಿಗೂ ಹಣ ಕೊಡುವವರಿಗೂ ಎಷ್ಟು ದೂರವೆಂಬುದು ತಿಳಿಯುತ್ತದೆ.

ಗಿರಣಿಯ ಬದಲಿಗೆ ಕಾರ್ಮಿಕ ನ್ಯಾಯಾಲಯದ ಬಾಗಿಲಾದರೂ ಇತ್ತು. ಅಧ್ಯಾಪಕನಿಗೆ ಅದೂ ಇಲ್ಲ. ಶಿಕ್ಷಕನು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕನಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1988ರಲ್ಲಿ ತೀರ್ಪು ಕೊಟ್ಟಿತು. ಅವನ ಕೆಲಸ ಅಷ್ಟು ಉದಾತ್ತವಂತೆ! ಉದಾತ್ತವಾದ ಕೆಲಸಕ್ಕೆ ಎಂತಹ ಕೂಲಿ ಎಂಬುದನ್ನು ಅದೇ ನ್ಯಾಯಾಲಯ 2025ರ ಆಗಸ್ಟಿನಲ್ಲಿ ನೋಡಬೇಕಾಯಿತು. ಗುಜರಾತಿನ ಸರ್ಕಾರಿ ಕಾಲೇಜುಗಳಲ್ಲಿ ಗುತ್ತಿಗೆಯ ಸಹಾಯಕ ಪ್ರಾಧ್ಯಾಪಕರು ತಿಂಗಳಿಗೆ 30,000 ರೂಪಾಯಿಗೆ ದುಡಿಯುತ್ತಿದ್ದರು. ಅದೇ ಪಾಠ ಹೇಳುವ ಖಾಯಂ ಅಧ್ಯಾಪಕರ ಸಂಬಳ ಲಕ್ಷಕ್ಕೆ ಮೇಲೆ. ಸಮಾರಂಭಗಳಲ್ಲಿ ಗುರುವನ್ನು ಹೊಗಳುವ ಶ್ಲೋಕ ಹೇಳಿದರೆ ಸಾಲದು, ನಡತೆಯಲ್ಲಿ ತೋರಿಸಬೇಕೆಂದು ನ್ಯಾಯಮೂರ್ತಿಗಳು ಹೇಳಿ, ಕನಿಷ್ಠ ವೇತನ ಶ್ರೇಣಿಯನ್ನು ಕೊಡಬೇಕೆಂದು ಆಜ್ಞೆ ಮಾಡಿದರು. ನಮ್ಮ ರಾಜ್ಯದ ವೇದಿಕೆಗಳ ಮೇಲೂ ಆ ಶ್ಲೋಕ ಕೇಳಿಬರುತ್ತದೆ.

ಈಗ ಮುಖ್ಯ ಮಾತಿಗೆ ಬರೋಣ. ಈ ಸ್ಥಿತಿ ವಿದ್ಯೆಯನ್ನು ಹೇಗೆ ತಡೆಯುತ್ತದೆ? ಒಂದು ವಿಭಾಗದಲ್ಲಿ ನಾಲ್ವರು ಅತಿಥಿಗಳಿದ್ದಾರೆನ್ನಿ. ಮುಂದಿನ ವರ್ಷ ಮೂವರಿಗಷ್ಟೇ ಪಾಠ ಸಿಗುವುದೆಂದು ಎಲ್ಲರಿಗೂ ಗೊತ್ತು. ಅವರಲ್ಲಿ ಒಬ್ಬಳು ಕಷ್ಟದ ವಿಷಯವೊಂದನ್ನು ಸುಲಭವಾಗಿ ತಿಳಿಸುವ ಕ್ರಮ ಕಂಡುಕೊಂಡಿದ್ದಾಳೆ. ಅದನ್ನು ಉಳಿದ ಮೂವರಿಗೆ ಹೇಳಿಕೊಟ್ಟರೆ ತನ್ನ ಜಾಗವನ್ನು ತಾನೇ ಬಿಟ್ಟುಕೊಟ್ಟಂತೆ. ಅವಳು ಹೇಳಿಕೊಡುವುದಿಲ್ಲ. ಅವಳನ್ನು ಸ್ವಾರ್ಥಿಯೆಂದು ಕರೆಯಲು ನಮಗೆ ಬಾಯಿ ಬಾರದು. ಇನ್ನೊಬ್ಬನಿಗೆ ಪಾಠದಲ್ಲಿ ಒಂದು ಕಡೆ ಸಂಶಯವಿದೆ. ಕೇಳಿದರೆ ‘ಇವನಿಗೆ ಬಾರದು’ ಎಂಬ ಮಾತು ವಿಭಾಗದ ಮುಖ್ಯಸ್ಥರ ಕಿವಿಗೆ ಬಿದ್ದೀತೆಂದು ಸುಮ್ಮನಿರುತ್ತಾನೆ. ತಪ್ಪು ಪಾಠ ಮಕ್ಕಳಿಗೆ ಹೋಗುತ್ತದೆ. ಮೂರನೆಯವನು ಒಂದು ಕಾಲೇಜಿನಲ್ಲಿ ಪಾಠ ಮುಗಿಸಿ ಇನ್ನೊಂದು ಕಡೆ ಮನೆಪಾಠಕ್ಕೆ ಬಸ್ಸು ಹಿಡಿಯಬೇಕು. ಗಂಟೆ ಹೊಡೆದ ಮೇಲೆ ವಿದ್ಯಾರ್ಥಿಯೊಡನೆ ನಿಂತು ಮಾತನಾಡಲು ಅವನಿಗೆ ಬಿಡುವಿಲ್ಲ. ನಾಲ್ಕನೆಯವಳಿಗೆ ಹೆರಿಗೆಯ ಕಾಲದಲ್ಲಿ ಕೆಲಸ ಉಳಿಯುವುದೋ ಹೋಗುವುದೋ ಎಂಬ ಚಿಂತೆ. ಇವರೆಲ್ಲ ಒಳ್ಳೆಯವರೇ, ಕಲಿತವರೇ. ನಡುವೆ ಅಂಜಿಕೆಯೊಂದು ಕುಳಿತಿದೆ, ಅಷ್ಟೆ.

ಹಾಗಾದರೆ ಖಾಯಂ ಆದವರೆಲ್ಲ ವಿದ್ಯೆಯನ್ನು ಧಾರಾಳವಾಗಿ ಹಂಚುತ್ತಿದ್ದಾರೆಯೆ? ಇಲ್ಲ, ಇದನ್ನು ಮುಚ್ಚಿಡುವುದು ನಮ್ಮ ಕೆಲಸವಲ್ಲ. ದೊಡ್ಡ ಸಂಬಳವೂ ಭದ್ರವಾದ ಕುರ್ಚಿಯೂ ಇದ್ದು, ಇಪ್ಪತ್ತು ವರ್ಷದ ಹಳೆಯ ಟಿಪ್ಪಣಿಯನ್ನೇ ಓದಿ ಹೇಳುವವರಿದ್ದಾರೆ. ಶಿಷ್ಯನು ದುಡಿದು ಬರೆದ ಲೇಖನಕ್ಕೆ ತಮ್ಮ ಹೆಸರನ್ನು ಮೊದಲು ಹಾಕಿಸಿಕೊಳ್ಳುವವರಿದ್ದಾರೆ. ವಿಭಾಗಗಳಲ್ಲಿ ಜಾತಿಗೊಂದು ಗುಂಪು ಕಟ್ಟಿಕೊಂಡು, ತಮ್ಮವನಿಗೆ ಅಳೆದು ಕೊಡುವ ವಿದ್ಯೆಯನ್ನು ಪರರಿಗೆ ಬಚ್ಚಿಡುವವರಿದ್ದಾರೆ. ಕೆಳಗಿನ ಜಾತಿಯಿಂದ ಬಂದ ಅಧ್ಯಾಪಕನನ್ನು ಮೀಸಲಾತಿಯವನೆಂದು ಹೀಗಳೆಯುವ ಕಡೆ ಅವನು ಬಾಯಿಬಿಟ್ಟು ಏನು ಹಂಚಿಕೊಂಡಾನು? ಮಾನಕ್ಕೆ ಪೆಟ್ಟಾದ ಮನುಷ್ಯನಿಗೆ ಸಂಬಳದ ಚೀಟಿಯಿಂದ ನೆಮ್ಮದಿ ಬಾರದು. ಕೆಲಸದ ಭದ್ರತೆ ತಳಹದಿ. ಅದರ ಮೇಲೆ ಸಮಾನತೆಯ ಗೋಡೆ ಏಳದಿದ್ದರೆ ಮನೆಯಾಗುವುದಿಲ್ಲ.

ಖಾಯಂ ಅಧ್ಯಾಪಕರ ಮನೋಭಾವ ಕೆಡುವುದಕ್ಕೆ ಮೇಲಿನವರ ಅಂಕಪದ್ಧತಿಯೂ ಕಾರಣವಾಗಿದೆ. 2010ರಿಂದ ಅಧ್ಯಾಪಕರ ಬಡ್ತಿಗೆ ಅಂಕಗಳ ಪಟ್ಟಿ ಬಂತು. 2018ರ ಪಟ್ಟಿಯಲ್ಲಿ ಒಂದು ವಿಜ್ಞಾನ ಲೇಖನಕ್ಕೆ 8 ಅಂಕ, ಭಾಷೆ ಮತ್ತು ಸಮಾಜಶಾಸ್ತ್ರಗಳ ಲೇಖನಕ್ಕೆ 10 ಅಂಕ. ಒಬ್ಬನೇ ಬರೆದರೆ ಪೂರ್ತಿ. ಇಬ್ಬರಿಗಿಂತ ಹೆಚ್ಚು ಜನ ಕೂಡಿ ಬರೆದರೆ ಮುಖ್ಯ ಲೇಖಕನಿಗೆ ಶೇಕಡಾ 70, ಉಳಿದವರಿಗೆ ಶೇಕಡಾ 30. ಕೂಡಿ ದುಡಿದವನಿಗೆ ಕೂಲಿ ಕಡಿತ! ಒಂದು ಊರಿನ ಸಂತೆಮೈದಾನದಲ್ಲಿ ನಿಂತು ಜನರಿಗೆ ತಿಳಿಯುವ ಕನ್ನಡದಲ್ಲಿ ಒಂದು ಗಂಟೆ ಮಾತನಾಡುವುದಕ್ಕೆ, ಕಿರಿಯ ಸಹೋದ್ಯೋಗಿಯನ್ನು ಒಂದು ವರ್ಷ ಕೂರಿಸಿಕೊಂಡು ತಿದ್ದುವುದಕ್ಕೆ ಲೇಖನಕ್ಕಿರುವ ತೂಕವಿಲ್ಲ. ತುಂಡುಗೂಲಿಯಲ್ಲಿ ನೇಯುವವನು ಪಕ್ಕದವನ ಮಗ್ಗ ನಿಂತರೆ ಎದ್ದುಹೋಗಿ ನೋಡುತ್ತಾನೆಯೆ? ಅವನ ಗಜ ಕಡಿಮೆಯಾಗುತ್ತದೆ. ವಿದ್ವಾಂಸರನ್ನು ತುಂಡುಗೂಲಿಗೆ ಹಾಕಿದರೆ ಅವರೂ ಗಜ ಎಣಿಸುತ್ತಾರೆ.

ಇದು ಹೀಗೆಯೇ ಇರಬೇಕೆಂಬ ವಿಧಿಯೇನೂ ಇಲ್ಲ. ನಮ್ಮ ನಾಡಿನಲ್ಲಿಯೇ ಬೇರೆ ರೀತಿ ನಡೆದದ್ದುಂಟು. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು 1930ರ ದಶಕದಲ್ಲಿ ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಮಾಡಿದರು. ಆ ಉಪನ್ಯಾಸಗಳು ಸಣ್ಣ ಪುಸ್ತಕಗಳಾಗಿ ಬಂದವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ಪ್ರಸಾರಾಂಗವೂ ಇಂಥದೇ ಕೆಲಸ ಮಾಡಿತು; ಕವಿ ಚೆನ್ನವೀರ ಕಣವಿಯವರು ದೀರ್ಘಕಾಲ ಅದರ ನಿರ್ದೇಶಕರಾಗಿದ್ದರು. ವರ್ಷಕ್ಕೊಮ್ಮೆ ಬದಲಾಗುವ ಗುತ್ತಿಗೆಯವನಿಂದ ಇಂತಹ ಕೆಲಸ ಆಗುತ್ತಿತ್ತೆ? ಯಾವ ಊರಿನಲ್ಲಿ ಯಾರು ಕೇಳುತ್ತಾರೆ, ಯಾವ ಅಧ್ಯಾಪಕ ಏನನ್ನು ಚೆನ್ನಾಗಿ ಹೇಳಬಲ್ಲ ಎಂಬುದು ಒಂದೇ ಕುರ್ಚಿಯಲ್ಲಿ ವರ್ಷಗಟ್ಟಲೆ ಕುಳಿತವನಿಗೆ ಮಾತ್ರ ತಿಳಿಯುತ್ತದೆ.

ಇನ್ನೊಂದು ಉದಾಹರಣೆ ನಮ್ಮ ಊಟದ ತಟ್ಟೆಯದೇ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರನ್ನು ಜನ ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು. ನಮ್ಮ ದೇಶದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಅವರು ಹೊರತಂದ ಇಂಡಾಫ್ ತಳಿಗಳು ರೈತರ ಹೊಲಗಳಲ್ಲಿ ಹಬ್ಬಿದವು, ಇಳುವರಿ ಏರಿತು. ರಾಗಿಯ ಹೂವು ಬಹಳ ಸಣ್ಣದು. ತೆನೆಯಿಂದ ತೆನೆಗೆ, ಹಂಗಾಮಿನಿಂದ ಹಂಗಾಮಿಗೆ ಕಾಯಬೇಕಾದ ಕೆಲಸವದು. ಹತ್ತು ತಿಂಗಳ ಗುತ್ತಿಗೆಯಲ್ಲಿ ಮುಗಿಯುವಂಥದಲ್ಲ. ಒಂದೇ ಹೊಲದಲ್ಲಿ ದಶಕಗಟ್ಟಲೆ ನಿಲ್ಲಲು ಆ ಮನುಷ್ಯನಿಗೆ ಅವಕಾಶವಿದ್ದುದರಿಂದ ಅವರ ವಿದ್ಯೆ ಬೀಜವಾಗಿ ರೈತನ ಕೈ ಸೇರಿತು. ಇಂದು ಅಂಥವನೊಬ್ಬನು ಎಲ್ಲಿಯಾದರೂ ಅತಿಥಿಯಾಗಿ ಗಂಟೆ ಎಣಿಸುತ್ತಿದ್ದರೆ ನಷ್ಟ ಯಾರಿಗೆಂಬುದನ್ನು ವಾಚಕರೇ ಲೆಕ್ಕ ಹಾಕಲಿ.

ಹಣವಿಲ್ಲ ಎಂಬುದು ಸರ್ಕಾರದ ಸಿದ್ಧ ಉತ್ತರ. ರಾಷ್ಟ್ರೀಯ ವರಮಾನದ ಶೇಕಡಾ 6ನ್ನು ಶಿಕ್ಷಣಕ್ಕೆ ಕೊಡಬೇಕೆಂದು 1964-66ರ ಕೊಠಾರಿ ಆಯೋಗ ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದೇ ಶೇಕಡಾ 6ರ ಮಾತನ್ನು ಮತ್ತೆ ಹೇಳಿತು. ಅರ್ಧ ಶತಮಾನ ಕಳೆದ ಮೇಲೂ ಅದೇ ಅಂಕಿಯನ್ನು ಗುರಿಯೆಂದು ಬರೆಯಬೇಕಾದರೆ ನಡುವಿನ ಸರ್ಕಾರಗಳೆಲ್ಲ ಏನು ಮಾಡಿದವು? ಕರ್ನಾಟಕದಲ್ಲಿ ಜಿಲ್ಲೆಗಳಿಗೆ ಹೊಸ ವಿಶ್ವವಿದ್ಯಾನಿಲಯಗಳನ್ನು ಘೋಷಿಸಿ ಹಾರ ಹಾಕಿಸಿಕೊಂಡದ್ದು ಒಂದು ಸರ್ಕಾರ; 2025ರ ಫೆಬ್ರವರಿಯಲ್ಲಿ ಹಣ ಸಾಲದೆಂದು ಅವುಗಳಲ್ಲಿ ಒಂಬತ್ತನ್ನು ಮುಚ್ಚುವ ಇಲ್ಲವೆ ವಿಲೀನ ಮಾಡುವ ಮಾತೆತ್ತಿದ್ದು ಇನ್ನೊಂದು ಸರ್ಕಾರದ ಸಚಿವ ಉಪಸಮಿತಿ. ತನ್ನ ಸಂಸ್ಥೆಯೇ ಉಳಿಯುವುದೋ ಇಲ್ಲವೋ ಎಂಬ ಸುದ್ದಿಯನ್ನು ಬೆಳಿಗ್ಗೆ ಪತ್ರಿಕೆಯಲ್ಲಿ ಓದಿ ಪಾಠಕ್ಕೆ ಹೊರಟ ಅಧ್ಯಾಪಕನ ಮನಸ್ಸು ಎಲ್ಲಿರುತ್ತದೆ?

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಖಾಲಿ ಹುದ್ದೆಗಳನ್ನು ತುಂಬಿ. ಗುತ್ತಿಗೆಯನ್ನು ಶೇಕಡಾ 10ರ ಒಳಗೆ ತನ್ನಿ. ವರ್ಷಗಟ್ಟಲೆ ದುಡಿದವರನ್ನು ನೇಮಕದಲ್ಲಿ ಮೊದಲು ಪರಿಗಣಿಸಿ. ಅಲ್ಲಿಯವರೆಗೆ ಒಂದೇ ಕೆಲಸಕ್ಕೆ ಒಂದೇ ವೇತನ, ವರ್ಷದ ಹನ್ನೆರಡು ತಿಂಗಳೂ ಗೊತ್ತಾದ ತಾರೀಖಿಗೆ ಕೊಡಿ. ಹೆರಿಗೆಯ ರಜೆಯನ್ನೂ ಕಾಯಿಲೆಯ ರಜೆಯನ್ನೂ ಹಕ್ಕಾಗಿ ಕೊಡಿ. ಹೊರಗುತ್ತಿಗೆಯ ಪ್ರಯೋಗಶಾಲಾ ಸಹಾಯಕರಿಗೂ ಗುಮಾಸ್ತರಿಗೂ ಇದು ಸಲ್ಲಬೇಕು. ಬಡ್ತಿಯ ಪಟ್ಟಿಯಲ್ಲಿ ಕೂಡಿ ಮಾಡಿದ ಕೆಲಸಕ್ಕೆ, ಕಿರಿಯರನ್ನು ತಿದ್ದಿದ್ದಕ್ಕೆ, ಕನ್ನಡದಲ್ಲಿ ಜನರಿಗೆ ತಿಳಿಸಿದ್ದಕ್ಕೆ ಪೂರ್ತಿ ಅಂಕ ಬರಲಿ. ಜಾತಿಯ ಅವಮಾನದ ದೂರುಗಳನ್ನು ಕೇಳುವ ಸಮಿತಿಯಲ್ಲಿ ಕುಲಪತಿಗಳ ಕೈಗೊಂಬೆಗಳಲ್ಲದೆ ನೌಕರರು ಆರಿಸಿದ ಪ್ರತಿನಿಧಿಗಳು ಕೂರಲಿ.

ಖಾಯಂ ಅಧ್ಯಾಪಕರಿಗೂ ನಮ್ಮದೊಂದು ಮಾತಿದೆ. ನಿಮ್ಮ ಸಂಘಗಳು ವೇತನ ಆಯೋಗದ ಬಾಕಿ ಕೇಳಲು ಬೀದಿಗೆ ಇಳಿದಿವೆ. ಪಕ್ಕದ ಕೋಣೆಯ ಅತಿಥಿಗಾಗಿ ಎಷ್ಟು ಸಲ ಇಳಿದಿವೆ? ಖಾಯಂ ಕಾಮಗಾರರು ಬದಲಿಗಳನ್ನು ತಮ್ಮವರೆಂದು ಎಣಿಸದ ಗಿರಣಿಗಳಲ್ಲಿ ಮಾಲೀಕನು ಬದಲಿಗಳಿಂದಲೇ ಮುಷ್ಕರ ಮುರಿದ ಸಂಗತಿ ಕಾರ್ಮಿಕರಿಗೆ ತಿಳಿದಿದೆ. ಇಂದು ಅತಿಥಿಯ ಹುದ್ದೆ ಅಗ್ಗವಾದರೆ ನಾಳೆ ನಿಮ್ಮ ನಿವೃತ್ತಿಯ ನಂತರ ಆ ಹುದ್ದೆಯೂ ಅಗ್ಗವಾಗುತ್ತದೆ.

ನಮ್ಮ ವಾಚಕರು ಮಾಡಬೇಕಾದದ್ದೂ ಇದೆ. ನಿಮ್ಮ ಮಕ್ಕಳು ಓದುವ ಕಾಲೇಜಿಗೆ ಹೋಗಿ, ಎಷ್ಟು ಹುದ್ದೆ ಮಂಜೂರಾಗಿದೆ, ಎಷ್ಟು ಖಾಲಿಯಿದೆ, ಅತಿಥಿಗಳಿಗೆ ಕೊನೆಯ ಸಲ ಸಂಬಳ ಬಂದದ್ದು ಯಾವ ತಿಂಗಳು ಎಂದು ಕೇಳಿ. ಹೇಳದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿಯ ಅರ್ಜಿ ಹಾಕಿ. ಬಂದ ಉತ್ತರವನ್ನು ಯೂನಿಯನ್ನಿನ ಸಭೆಯಲ್ಲಿ, ವರ್ತಕರ ಸಂಘದಲ್ಲಿ ಓದಿ ಹೇಳಿ. ಸಿಂಡಿಕೇಟಿಗೆ ಸರ್ಕಾರ ನಾಮಕರಣ ಮಾಡಿ ಕಳುಹಿಸಿದ ಸದಸ್ಯರನ್ನೂ, ಓಟು ಕೇಳಲು ಬರುವ ಶಾಸಕರನ್ನೂ ಆ ಅಂಕಿಗಳನ್ನು ಮುಂದಿಟ್ಟು ಪ್ರಶ್ನಿಸಿ. ಅಧ್ಯಾಪಕನ ಅಂಜಿಕೆ ಹೋಗಲಾಡಿಸುವುದು ಅವನಿಗೆ ಮಾಡುವ ಉಪಕಾರವೆಂದು ಯಾರೂ ತಿಳಿಯಬೇಕಾಗಿಲ್ಲ. ಅವನ ತಲೆಯಲ್ಲಿರುವ ವಿದ್ಯೆ ನಮ್ಮ ಮಕ್ಕಳಿಗೆ ಸಲ್ಲಬೇಕಾದ ಬಾಕಿ. ಆ ಬಾಕಿಯನ್ನು ವಸೂಲು ಮಾಡಬೇಕಾದವರು ನಾವೇ.